ದೊಡ್ಡ ದಾನಿ ಹಿಂದೆ ಸರಿದರು, ಬ್ಯಾಂಕಿನಲ್ಲಿ ಮೂರು ತಿಂಗಳ ಹಣವಿದೆ

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಆರು ಹಳ್ಳಿಗಳಲ್ಲಿ ನಮ್ಮ ಟ್ರಸ್ಟ್ ಮಕ್ಕಳಿಗಾಗಿ ಸಂಜೆಯ ಕಲಿಕಾ ಕೇಂದ್ರಗಳನ್ನು ನಡೆಸುತ್ತಿದೆ. ಒಟ್ಟು 240 ಮಕ್ಕಳು, ನನ್ನನ್ನೂ ಸೇರಿಸಿ ಒಂಬತ್ತು ಜನ ಸಿಬ್ಬಂದಿ. ವರ್ಷದ ಖರ್ಚು 20 ಲಕ್ಷ ರೂಪಾಯಿ. ಅದರಲ್ಲಿ 14 ಲಕ್ಷವನ್ನು ನಾಲ್ಕು ವರ್ಷಗಳಿಂದ ಒಂದು ಕಂಪನಿ ಸಮಾಜದ ಕೆಲಸಕ್ಕೆಂದು ತೆಗೆದಿಡುವ ಸಿಎಸ್‌ಆರ್ ನಿಧಿಯಿಂದ ಕೊಡುತ್ತಿತ್ತು. ಈ ವರ್ಷ ತಮ್ಮ ಆದ್ಯತೆ ಬದಲಾಗಿದೆ ಎಂದು ನಿಲ್ಲಿಸಿದ್ದಾರೆ. ಬ್ಯಾಂಕಿನಲ್ಲಿ 5 ಲಕ್ಷ ಉಳಿದಿದೆ. 40 ಕಂಪನಿಗಳಿಗೆ ಇಮೇಲ್ ಕಳುಹಿಸಿದೆ, ಒಬ್ಬರೂ ಉತ್ತರಿಸಿಲ್ಲ. 'ಒಂದು ಮಗುವಿಗೆ ತಿಂಗಳಿಗೆ 300 ರೂಪಾಯಿ' ಎಂಬ ಕರಪತ್ರ ಹಂಚುತ್ತಿದ್ದೇವೆ. ಬೆಂಗಳೂರಿನ ಸಲಹೆಗಾರರೊಬ್ಬರು ತಾವು ತರುವ ಹಣದಲ್ಲಿ ಶೇ 15ರಷ್ಟು ಕೊಟ್ಟರೆ ದಾನಿಗಳನ್ನು ಹುಡುಕಿಕೊಡುವುದಾಗಿ ಹೇಳುತ್ತಾರೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಮಾಡಿಸಿ ಎನ್ನುತ್ತಾನೆ. ಯಾವುದನ್ನು ಮೊದಲು ಮಾಡಲಿ?

ಉತ್ತರ: ಪತ್ರದ ಜೊತೆಗೆ ಖರ್ಚಿನ ಪಟ್ಟಿಯನ್ನೂ ಕಳುಹಿಸಿದ್ದು ಒಳ್ಳೆಯದಾಯಿತು. ಹತ್ತರಲ್ಲಿ ಒಂಬತ್ತು ಜನ ತಮ್ಮ ಕೆಲಸದ ಕಥೆಯನ್ನು ಮಾತ್ರ ಬರೆಯುತ್ತಾರೆ, ಲೆಕ್ಕವನ್ನು ಕೇಳಿ ಪಡೆಯಬೇಕಾಗುತ್ತದೆ. ನಾನು ಮೊದಲ ಹನ್ನೆರಡು ವರ್ಷ ನಿಮ್ಮಂಥ ಸಂಸ್ಥೆಗಳಲ್ಲಿ ಲೆಕ್ಕ ಬರೆದವನು, ಆಮೇಲೆ ದಾನಿಗಳ ಕಡೆಯ ಮೇಜಿಗೆ ಹೋಗಿ ಪ್ರಸ್ತಾವನೆಗಳನ್ನು ಓದಿದವನು. ಆದ್ದರಿಂದ ನಿಮ್ಮ ಪ್ರಶ್ನೆಗಿಂತ ಮೊದಲು ನಿಮ್ಮ ಪಟ್ಟಿಯನ್ನೇ ನೋಡುತ್ತೇನೆ. ತೊಂದರೆ ಅಲ್ಲಿದೆ.

ಆರು ಶಿಕ್ಷಕಿಯರಿಗೆ ತಿಂಗಳಿಗೆ 9,000 ರೂಪಾಯಿ ಗೌರವಧನ, ವರ್ಷಕ್ಕೆ 6.48 ಲಕ್ಷ. ಕೇಂದ್ರಗಳ ಬಾಡಿಗೆ ಮತ್ತು ವಿದ್ಯುತ್ತಿಗೆ 1.08 ಲಕ್ಷ, ಪುಸ್ತಕ ಮತ್ತು ತಿಂಡಿಗೆ 1.08 ಲಕ್ಷ. ಈ ಮೂರನ್ನು ಕೂಡಿಸಿದರೆ 8.64 ಲಕ್ಷ. 240 ಮಕ್ಕಳಿಗೆ, 12 ತಿಂಗಳಿಗೆ ಭಾಗಿಸಿದರೆ ಸರಿಯಾಗಿ 300 ರೂಪಾಯಿ. ಕರಪತ್ರದ ಅಂಕಿ ಎಲ್ಲಿಂದ ಬಂತು ಎಂಬುದು ಈಗ ತಿಳಿಯಿತು. ಆದರೆ ಅದೇ ಪಟ್ಟಿಯ ಕೆಳಗೆ ಇಬ್ಬರು ಮೇಲ್ವಿಚಾರಕರ 4.32 ಲಕ್ಷ, ನಿಮ್ಮ 3 ಲಕ್ಷ, ಓಡಾಟದ 1.20 ಲಕ್ಷ, ಕಚೇರಿ ಬಾಡಿಗೆ, ಲೆಕ್ಕ ಮತ್ತು ಆಡಿಟ್ಟಿನ 1.80 ಲಕ್ಷ, ಶಿಕ್ಷಕಿಯರ ತರಬೇತಿಯ 1.04 ಲಕ್ಷ ಇವೆ. ಎಲ್ಲ ಸೇರಿ 20 ಲಕ್ಷ. ಅಂದರೆ ಒಂದು ಮಗುವಿಗೆ ತಿಂಗಳಿಗೆ ತಗಲುವುದು ಸುಮಾರು 695 ರೂಪಾಯಿ. ನೀವು ಅರ್ಧಕ್ಕಿಂತ ಕಡಿಮೆ ಬೆಲೆ ಹೇಳಿ, ಮಿಕ್ಕದ್ದನ್ನು ಒಂದೇ ಕಂಪನಿಯ ಹೆಗಲ ಮೇಲೆ ಹೊರಿಸಿದ್ದಿರಿ. ಇನ್ನೂರು ಜನ 300 ರೂಪಾಯಿ ಕೊಡಲು ಮುಂದೆ ಬಂದರೂ ನಿಮ್ಮ ಮೇಲ್ವಿಚಾರಕರಿಗೆ ಸಂಬಳವಾಗುವುದಿಲ್ಲ. ಕರಪತ್ರವನ್ನು ಇವತ್ತೇ ನಿಲ್ಲಿಸಿ.

'ಆಡಳಿತ ವೆಚ್ಚ' ಎಂಬ ಮಾತಿಗೆ ನಮ್ಮಲ್ಲಿ ಏನೋ ಒಂದು ಮೈಲಿಗೆ ಅಂಟಿಕೊಂಡಿದೆ. ನಿಮ್ಮ ಸಂಸ್ಥೆಯ ಮೇಲ್ವಿಚಾರಕಿ ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಹೋಗಿ, ಆ ಹತ್ತೊಂಬತ್ತರ ಹುಡುಗಿ ಶಿಕ್ಷಕಿಯ ಪಕ್ಕದಲ್ಲಿ ಕುಳಿತು ಪಾಠ ತಿದ್ದುತ್ತಾಳಲ್ಲ, ಅದು ಆಡಳಿತವೋ ಶಿಕ್ಷಣವೋ? ಪಟ್ಟಿಯಲ್ಲಿ ಅವಳನ್ನು ಕಚೇರಿ ಬಾಡಿಗೆಯ ಪಕ್ಕದಲ್ಲಿ ಬರೆದಿದ್ದೀರಿ. ಮೇಲಕ್ಕೆ ತನ್ನಿ. ಓಡಾಟದ ಖರ್ಚನ್ನೂ ತರಬೇತಿಯನ್ನೂ ಮೇಲಕ್ಕೆ ತನ್ನಿ. ಆಗ ಉಳಿಯುವ ನಿಜವಾದ ಕಚೇರಿ ಖರ್ಚು ಎಷ್ಟೆಂದು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳಬಹುದು.

ಇನ್ನೊಂದು ಸಂಗತಿ, ಬೇಸರ ಮಾಡಿಕೊಳ್ಳಬೇಡಿ. ನಿಮಗೆ ವರ್ಷಕ್ಕೆ 3 ಲಕ್ಷ ಸಂಬಳ ಎಂದು ತೋರಿಸಿ, ಅದರಲ್ಲಿ 2 ಲಕ್ಷವನ್ನು ಟ್ರಸ್ಟ್‌ಗೇ ದಾನವಾಗಿ ಮರಳಿಸುತ್ತಿದ್ದೀರಿ. ಸಂಸ್ಥೆ ಕಟ್ಟಿದವರು ಹೀಗೆ ಮಾಡುವುದು ಹೊಸತಲ್ಲ, ನಾನು ನೋಡಿದ ಸಂಸ್ಥೆಗಳಲ್ಲಿ ಅರ್ಧದಷ್ಟು ಇದೇ ಆಧಾರದ ಮೇಲೆ ನಿಂತಿದ್ದವು. ಲೆಕ್ಕದಲ್ಲಿ ಸರಿಯಾಗಿ ತೋರಿಸಿದರೆ ತಪ್ಪೇನಿಲ್ಲ. ಟ್ರಸ್ಟಿಯಾದವರು ಕೆಲಸಕ್ಕೆ ತಕ್ಕ ಸಂಬಳ ಪಡೆಯುವುದಕ್ಕೂ ಆದಾಯ ತೆರಿಗೆ ಕಾನೂನಿನ ಅಡ್ಡಿಯಿಲ್ಲ, ಅದು ಕೆಲಸಕ್ಕೆ ಮೀರಿದ್ದಾಗಬಾರದು ಅಷ್ಟೇ. ಆದರೆ ಇದರಿಂದ ನಿಮ್ಮ ಹುದ್ದೆಯ ಬೆಲೆ ವರ್ಷಕ್ಕೆ ಒಂದು ಲಕ್ಷ ಎಂದು ಎಲ್ಲರೂ ನಂಬಿಬಿಡುತ್ತಾರೆ, ನೀವೂ ನಂಬುತ್ತೀರಿ. ನಾಳೆ ನೀವು ಕಾಯಿಲೆ ಬಿದ್ದರೆ ಆ ಹಣಕ್ಕೆ ಯಾರೂ ಬರುವುದಿಲ್ಲ. ಮುಂದಿನ ಬಜೆಟ್ಟಿನಲ್ಲಿ ಆ 2 ಲಕ್ಷವನ್ನು ಖಚಿತ ಆದಾಯವೆಂದು ಬರೆಯಬೇಡಿ.

ಈಗ ಮೂರು ತಿಂಗಳ ಮಾತು. ತಿಂಗಳಿಗೆ 1.67 ಲಕ್ಷ ಖರ್ಚು, ಕೈಯಲ್ಲಿ 5 ಲಕ್ಷ. ಈ ಮೂರು ತಿಂಗಳಲ್ಲಿ ಹೊಸ ಕಂಪನಿಯ ಹಣ ಬರುವುದಿಲ್ಲ ಎಂದು ಮೊದಲೇ ಮನಸ್ಸಿಗೆ ಹೇಳಿಕೊಂಡುಬಿಡಿ. ಮೊದಲ ಭೇಟಿಯಿಂದ ಮೊದಲ ಕಂತಿನವರೆಗೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುವುದೇ ವಾಡಿಕೆ. ಈ ಮೂರು ತಿಂಗಳನ್ನು ದಾಟಿಸಬೇಕಾದವರು ನಿಮ್ಮನ್ನು ಈಗಾಗಲೇ ಬಲ್ಲವರು.

ಅವರಲ್ಲಿ ಮೊದಲನೆಯವರು, ಆಶ್ಚರ್ಯಪಡಬೇಡಿ, ಕೈಬಿಟ್ಟ ಆ ಕಂಪನಿಯವರೇ. ನಾಲ್ಕು ವರ್ಷಕ್ಕೆ ನಿಲ್ಲಿಸಿದರು ಎಂದಿರಿ. ಸಿಎಸ್‌ಆರ್ ನಿಯಮದಲ್ಲಿ 'ಮುಂದುವರಿಯುವ ಯೋಜನೆ' ಎಂಬುದಕ್ಕೆ ಆರಂಭದ ವರ್ಷವನ್ನು ಬಿಟ್ಟು ಗರಿಷ್ಠ ಮೂರು ವರ್ಷದ ಅವಧಿ ಇದೆ, ಒಟ್ಟು ನಾಲ್ಕು. ನಿಮ್ಮ ವಿಷಯದಲ್ಲಿ ನಡೆದದ್ದು ಬಹುಶಃ ಇಷ್ಟೇ. ಅವಧಿ ಮುಗಿಯಿತು, ಹೊಸ ನಿರ್ದೇಶಕರ ಮಂಡಳಿಗೋ ಹೊಸ ಅಧಿಕಾರಿಗೋ ಬೇರೆ ವಿಷಯ ಹಿಡಿಸಿತು. ಇದನ್ನು ಅವಮಾನವೆಂದು ತೆಗೆದುಕೊಂಡು ಮುನಿಸಿಕೊಂಡವರು ಎರಡು ಸಲ ಕಳೆದುಕೊಳ್ಳುತ್ತಾರೆ. ಇಮೇಲ್ ಬೇಡ, ಫೋನ್ ಮಾಡಿ, ಆಮೇಲೆ ಹೋಗಿ ಭೇಟಿಯಾಗಿ. ಕೇಳಬೇಕಾದ್ದು ಮೂರು: ಸಂಸ್ಥೆ ಹಠಾತ್ತನೆ ಬೀಳದಂತೆ ಆರು ತಿಂಗಳಿಗೆ ಇಳಿಮುಖದ ಕೊನೆಯ ಅನುದಾನ, ನಾಲ್ಕು ವರ್ಷದ ಕೆಲಸದ ಬಗ್ಗೆ ಅವರ ಕಾಗದದಲ್ಲಿ ಒಂದು ಪತ್ರ, ಮತ್ತು ಬೇರೆ ಕಂಪನಿಗಳಲ್ಲಿ ಇದೇ ಕೆಲಸ ನೋಡುವ ಇಬ್ಬರ ಪರಿಚಯ. ಮೊದಲನೆಯದು ಸಿಕ್ಕರೆ ಪುಣ್ಯ. ಎರಡನೆಯದೂ ಮೂರನೆಯದೂ ಸಾಮಾನ್ಯವಾಗಿ ಸಿಗುತ್ತವೆ, ಏಕೆಂದರೆ ಇಲ್ಲ ಎಂದು ಹೇಳಬೇಕಾಗಿ ಬಂದ ಅಧಿಕಾರಿಗೂ ಒಳಗೊಳಗೇ ಕಸಿವಿಸಿ ಇರುತ್ತದೆ. ಆ ಮೂರನೆಯ ಪರಿಚಯ ನಿಮ್ಮ 40 ಇಮೇಲ್‌ಗಳಿಗಿಂತ ಹೆಚ್ಚು ತೂಕದ್ದು. ಪರಿಚಯವಿಲ್ಲದ ಪ್ರಸ್ತಾವನೆಗಳನ್ನು ನಾವು ಹೇಗೆ ಓದುತ್ತಿದ್ದೆವು ಎಂದು ಹೇಳಿದರೆ ನಿಮಗೆ ನೋವಾದೀತು. ವಿಷಯದ ಸಾಲು, ಜಿಲ್ಲೆಯ ಹೆಸರು, ಕೇಳಿದ ಮೊತ್ತ, ಅಷ್ಟಕ್ಕೇ ಮುಗಿಯುತ್ತಿತ್ತು.

ಎರಡನೆಯವರು ಹಳ್ಳಿಯವರೇ. ಆರು ಕೇಂದ್ರಗಳಿಗೆ ಬಾಡಿಗೆ ಏಕೆ ಕಟ್ಟುತ್ತಿದ್ದೀರಿ? ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ ಹಲವು ಕಡೆ 'ಅರಿವು ಕೇಂದ್ರ'ಗಳಾಗಿ ಚೆನ್ನಾಗಿ ಸಜ್ಜಾಗಿವೆ. ಸಂಜೆ ಮಕ್ಕಳು ಅಲ್ಲಿ ಕೂತು ಓದಿದರೆ ಪಂಚಾಯಿತಿಗೂ ಹೆಮ್ಮೆ. ಅದು ಆಗದ ಊರಿನಲ್ಲಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ ಪಡೆದು ಶಾಲೆಯ ಒಂದು ಕೋಣೆ ಕೇಳಿ. ಉಳಿಯುವುದು ವರ್ಷಕ್ಕೆ ಒಂದು ಲಕ್ಷ ಮಾತ್ರ, ನಿಜ. ಆದರೆ ಮುಂದೆ ಕಂಪನಿಯವರು ಬಂದು 'ಊರಿನವರ ಪಾಲೇನು' ಎಂದು ಕೇಳಿದಾಗ ತೋರಿಸಲು ಒಂದು ಕೋಣೆ ಇರುತ್ತದೆ. ಒಂದೆರಡು ಕೇಂದ್ರ ಮುಚ್ಚಬೇಕಾಗಿ ಬಂದರೂ ಊರಿನವರ ಸಭೆ ಕರೆದು, ಲೆಕ್ಕ ಮುಂದಿಟ್ಟು ಹೇಳಿ. ಆದರೆ ಎರಡು ಕೇಂದ್ರ ಮುಚ್ಚಿದರೆ ಉಳಿಯುವುದು 2.88 ಲಕ್ಷ, ಒಬ್ಬ ಮೇಲ್ವಿಚಾರಕರನ್ನೂ ಬಿಟ್ಟರೆ ಐದು ಲಕ್ಷದ ಆಸುಪಾಸು. ಮುಚ್ಚುವುದೇ ಉಪಾಯ ಎಂದು ಭಾವಿಸಿದವರು ಈ ಲೆಕ್ಕ ಹಾಕಿರುವುದಿಲ್ಲ.

ಮೂರನೆಯವರು ವ್ಯಕ್ತಿಗಳು. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಸಂಸ್ಥೆ ಹತ್ತು ವರ್ಷ ಬದುಕುವುದಾದರೆ ಇವರಿಂದಲೇ. ನಮ್ಮ ಕಡೆಯ ದೊಡ್ಡ ಶಿಕ್ಷಣ ಸಂಸ್ಥೆಗಳ ಚರಿತ್ರೆ ನೋಡಿ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಏಳು ಜನ ಶಿಕ್ಷಕರು. ಭೂಮಿ, ಹಣ ಕೊಟ್ಟ ದೊಡ್ಡವರು ಆಮೇಲೆ ಬಂದರು, ಕಿಸೆಯಿಂದ ಮೊದಲು ಹಾಕಿದವರು ಶಿಕ್ಷಕರೇ. ಮಠಗಳ ಪ್ರಸಾದ ನಿಲಯಗಳು ನಡೆದದ್ದು ಸುಗ್ಗಿಯಲ್ಲಿ ಊರೂರಿನಿಂದ ಬಂದ ಜೋಳದ ಚೀಲಗಳಿಂದ. ಕೇಳುವುದು ನಮಗೆ ಹೊಸತಲ್ಲ. ಪ್ರೊಜೆಕ್ಟರ್ ಹಾಕಿ ಇಂಗ್ಲಿಷಿನಲ್ಲಿ ಕೇಳುವುದೇ ಸರಿಯಾದ ಕೇಳುವಿಕೆ ಎಂದು ಈಚೆಗೆ ಯಾರೋ ನಮಗೆ ನಂಬಿಸಿದರು.

ನಿಮ್ಮ ಹತ್ತಿರ ಈಗ ವರ್ಷಕ್ಕೆ 4 ಲಕ್ಷ ಕೊಡುವ ವ್ಯಕ್ತಿಗಳಿದ್ದಾರೆ. ಅವರು ಎಷ್ಟು ಜನ, ಯಾರು, ಕಳೆದ ವರ್ಷ ಕೊಟ್ಟು ಈ ವರ್ಷ ಕೊಡದವರು ಯಾರು? ಪಟ್ಟಿಯಲ್ಲಿ 'ಇತರೆ ದೇಣಿಗೆ' ಎಂಬ ಒಂದೇ ಸಾಲಿದೆ. ಒಂದು ಹಾಳೆಯಲ್ಲಿ ಹೆಸರು, ಊರು, ಮೊದಲು ಕೊಟ್ಟ ದಿನ, ಕೊನೆಗೆ ಕೊಟ್ಟ ದಿನ, ಅವರನ್ನು ಕರೆತಂದವರು ಯಾರು ಎಂದು ಬರೆಯಿರಿ. ದಾನಿಗಳ ನಿರ್ವಹಣೆಗೆ ಸಾಫ್ಟ್‌ವೇರ್ ಕೊಳ್ಳಿ ಎಂದು ಯಾರಾದರೂ ಹೇಳಿದರೆ, ಇನ್ನೂರು ಹೆಸರು ದಾಟಿದ ಮೇಲೆ ನೋಡೋಣ ಎನ್ನಿ. ಬಿಟ್ಟುಹೋದವರಿಗೆ ಮೊದಲು ಫೋನ್ ಮಾಡಿ. ಸಿಟ್ಟಾಗಿ ಬಿಟ್ಟವರು ಬಹಳ ಕಡಿಮೆ, ಮತ್ತೆ ಯಾರೂ ಕೇಳಲಿಲ್ಲವೆಂದು ಸುಮ್ಮನಾದವರೇ ಹೆಚ್ಚು. ಆಮೇಲೆ ನಿಮ್ಮ ಆರು ಊರುಗಳಿಂದ ಬೆಂಗಳೂರು, ಹುಬ್ಬಳ್ಳಿಗೆ ಹೋಗಿ ನೌಕರಿ ಹಿಡಿದವರು, ನಿವೃತ್ತ ಶಿಕ್ಷಕರು, ಗಂಗಾವತಿಯ ಅಕ್ಕಿ ಗಿರಣಿಯವರು. ತಿಂಗಳಿಗೆ 500 ರೂಪಾಯಿ ಕೊಡುವ ನೂರು ಜನ ಸೇರಿದರೆ ವರ್ಷಕ್ಕೆ 6 ಲಕ್ಷ. ನೂರು ಜನರನ್ನು ಕೂಡಿಸಲು ಒಂದು ವರ್ಷ ಬೇಕು, ಮೊದಲ ಇಪ್ಪತ್ತೈದು ಜನ ಈ ಮೂರು ತಿಂಗಳಲ್ಲೇ ಸಿಗಬೇಕು. ಬ್ಯಾಂಕಿನ ಸ್ವಯಂಚಾಲಿತ ಕಡಿತಕ್ಕೆ ಅವರನ್ನು ಒಪ್ಪಿಸಿ, ಪ್ರತಿ ತಿಂಗಳು ನೆನಪಿಸುವುದು ಇಬ್ಬರಿಗೂ ಮುಜುಗರ.

ಇವರ ಮುಂದೆ ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಎಂಬ ಗಂಟೆಯನ್ನು ಬಾರಿಸುತ್ತ ಹೋಗಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ವಿನಾಯಿತಿ ಸಿಗುವುದೇ ಇಲ್ಲ, ಮತ್ತು 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಉಳಿದು ಶೇ 30ರ ಹಂತದಲ್ಲಿರುವವರು 10,000 ಕೊಟ್ಟರೆ ಅರ್ಧಕ್ಕೆ ವಿನಾಯಿತಿ ಸಿಕ್ಕಿ ಸುಮಾರು 1,560 ರೂಪಾಯಿ ತೆರಿಗೆ ಉಳಿಯುತ್ತದೆ. ಆ ಒಂದೂವರೆ ಸಾವಿರಕ್ಕಾಗಿ ಯಾರೂ ಹತ್ತು ಸಾವಿರ ಕೊಡುವುದಿಲ್ಲ. ಹಾಗೆಂದು ಅದನ್ನು ಕಡೆಗಣಿಸುವಂತೆಯೂ ಇಲ್ಲ: 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ವಿನಾಯಿತಿ ಇಲ್ಲ, ದಾನಿಯ ಪ್ಯಾನ್ ಸಂಖ್ಯೆ ಬೇಕು, ವರ್ಷದ ಎಲ್ಲ ದಾನಗಳ ವಿವರವನ್ನು ಮೇ 31ರೊಳಗೆ 10ಬಿಡಿ ನಮೂನೆಯಲ್ಲಿ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಜಾತ್ರೆಯಲ್ಲಿ ಇಡುವ ನಿಮ್ಮ ಹುಂಡಿಯ ವಿಷಯದಲ್ಲೂ ಎಚ್ಚರ. ಹೆಸರಿಲ್ಲದ ದಾನ ಒಂದು ಲಕ್ಷ ಅಥವಾ ಒಟ್ಟು ದಾನದ ಶೇ 5, ಇವೆರಡರಲ್ಲಿ ದೊಡ್ಡದನ್ನು ಮೀರಿದರೆ, ಮೀರಿದ ಭಾಗಕ್ಕೆ ಶೇ 30 ತೆರಿಗೆ. ನೀವು ಆ ಮಿತಿಯಿಂದ ಬಹಳ ದೂರದಲ್ಲಿದ್ದೀರಿ, ಆದರೂ ಹುಂಡಿ ಒಡೆಯುವಾಗ ಇಬ್ಬರು ಸಹಿ ಹಾಕುವ ಪದ್ಧತಿ ಇರಲಿ.

ಕಂಪನಿಗಳತ್ತ ಬರುತ್ತೇನೆ. ಮತ್ತೆ 40 ಇಮೇಲ್ ಬೇಡ, ಆರು ಕಂಪನಿ ಸಾಕು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಲೇಬೇಕು. ಮೂರನೆಯ ಮಾತನ್ನು ಗಮನಿಸಿ: 5 ಕೋಟಿ ಲಾಭದ ಕಂಪನಿ ಎಂದರೆ ಪತ್ರಿಕೆಯಲ್ಲಿ ಹೆಸರು ಬರುವ ಕಂಪನಿಯೇ ಆಗಬೇಕಿಲ್ಲ. ಅವರ ಸಿಎಸ್‌ಆರ್ ಮೊತ್ತ ಹತ್ತು ಲಕ್ಷದ ಸುತ್ತ ಇರುತ್ತದೆ, ಅದಕ್ಕೆಂದು ಬೇರೆ ಅಧಿಕಾರಿ ಇರುವುದಿಲ್ಲ, ಮಾಲೀಕರೋ ಲೆಕ್ಕದ ಮುಖ್ಯಸ್ಥರೋ ನಿರ್ಧರಿಸುತ್ತಾರೆ. ಎಲ್ಲರೂ ದೊಡ್ಡ ಫೌಂಡೇಶನ್ನುಗಳ ಬಾಗಿಲಲ್ಲಿ ಸಾಲು ನಿಂತಿರುವಾಗ ಇವರ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಕಾರ್ಖಾನೆಯ ಸುತ್ತಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಗಿಣಿಗೇರಿಯ ಸುತ್ತಿನ ಉಕ್ಕು-ಕಬ್ಬಿಣದ ಕಾರ್ಖಾನೆಗಳು ನಿಮಗೆ ಬಸ್ಸಿನ ದೂರದಲ್ಲಿರುವಾಗ ಗುರುಗ್ರಾಮದ ಕಚೇರಿಗೆ ಇಮೇಲ್ ಏಕೆ? ಯಾವ ಕಂಪನಿ ಯಾವ ರಾಜ್ಯದಲ್ಲಿ ಯಾವ ಕೆಲಸಕ್ಕೆ ಎಷ್ಟು ಖರ್ಚು ಮಾಡಿದೆ ಎಂಬುದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಬಹಿರಂಗವಾಗಿಯೇ ಇದೆ. ಒಂದು ಭಾನುವಾರ ಕೂತು ನೋಡಿ.

ಹೋಗುವ ಮೊದಲು ಕಾಗದ ಸರಿಯಿರಬೇಕು. ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ 12ಎ ನೋಂದಣಿ, 80ಜಿ ಮಾನ್ಯತೆ, ಮೂರು ವರ್ಷದ ಅನುಭವ, ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆಯೆಂದು ನೋಂದಾಯಿಸುವ ಸಿಎಸ್‌ಆರ್-1 ನಮೂನೆಯ ಸಂಖ್ಯೆ. ಇವಿಲ್ಲದೆ ಕಂಪನಿ ಮನಸ್ಸಿದ್ದರೂ ನಿಮ್ಮ ಮೂಲಕ ಕೆಲಸ ಮಾಡಿಸುವಂತಿಲ್ಲ. ನಾಲ್ಕು ವರ್ಷ ಸಿಎಸ್‌ಆರ್ ಹಣ ಪಡೆದವರಾದ್ದರಿಂದ ನಿಮ್ಮಲ್ಲಿ ಎಲ್ಲವೂ ಇರಲೇಬೇಕು. ಸಮಯವೂ ಮುಖ್ಯ. ಬಹುತೇಕ ಕಂಪನಿಗಳು ಮುಂದಿನ ವರ್ಷದ ಯೋಜನೆಯನ್ನು ಮಾರ್ಚಿನಿಂದ ಮೇ ತಿಂಗಳೊಳಗೆ ಮಂಡಳಿಯ ಮುಂದಿಡುತ್ತವೆ. ಡಿಸೆಂಬರಿನಲ್ಲಿ ಪರಿಚಯ, ಜನವರಿಯಲ್ಲಿ ಕೇಂದ್ರಕ್ಕೆ ಭೇಟಿ ಆಗಿದ್ದರೆ ನಿಮ್ಮ ಹೆಸರು ಆ ಪಟ್ಟಿಯಲ್ಲಿರುತ್ತದೆ. ಫೆಬ್ರವರಿ ಕೊನೆಗೆ 'ಖರ್ಚಾಗದ ಹಣವಿದೆ, ಮಾರ್ಚ್ 31ರೊಳಗೆ ಮುಗಿಸುತ್ತೀರಾ' ಎಂಬ ಫೋನ್ ಕೂಡ ಬರುತ್ತದೆ. ನೂರು ಟ್ಯಾಬ್, ಇನ್ನೂರು ಬ್ಯಾಗು ಕೊಡಿಸಿ ಫೋಟೋ ತೆಗೆಸಿಕೊಳ್ಳುವ ಹಣ ಅದು. ಅಂಥದ್ದನ್ನು ಒಪ್ಪಿಕೊಂಡು, ಮೇಲ್ವಿಚಾರಕರನ್ನು ಎರಡು ತಿಂಗಳು ಬ್ಯಾಗು ಹಂಚಲು ಓಡಿಸಿ, ಸಂಬಳಕ್ಕೆ ಪೈಸೆಯೂ ಇಲ್ಲದೆ ಉಳಿದ ಸಂಸ್ಥೆಗಳನ್ನು ಬಲ್ಲೆ. ವಿನಯದಿಂದ ಬೇಡ ಎನ್ನಿ, ಅಥವಾ ಒಂದು ಷರತ್ತು ಹಾಕಿ: ಹಂಚುವ ಕೆಲಸದ ಖರ್ಚೂ ಅದರಲ್ಲಿರಬೇಕು.

'ಆಡಳಿತಕ್ಕೆ ಶೇ 5ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಕಾನೂನಿದೆ' ಎಂದು ಕಂಪನಿಯ ಕಿರಿಯ ಅಧಿಕಾರಿಗಳು ಹೇಳುವುದುಂಟು. ಆ ಶೇ 5ರ ಮಿತಿ ಕಂಪನಿ ತನ್ನದೇ ಸಿಎಸ್‌ಆರ್ ವಿಭಾಗದ ಆಡಳಿತಕ್ಕೆ ಮಾಡಿಕೊಳ್ಳುವ ಖರ್ಚಿನದ್ದು. ನಿಮ್ಮ ಶಿಕ್ಷಕಿಯ ಗೌರವಧನ, ಯೋಜನೆಯ ಮೇಲ್ವಿಚಾರಣೆ, ಮೌಲ್ಯಮಾಪನ, ಇವು ಯೋಜನೆಯ ಖರ್ಚು. ವಾದ ಮಾಡಬೇಡಿ, ನಿಯಮವನ್ನು ಮುದ್ರಿಸಿ ಜೊತೆಗಿಟ್ಟುಕೊಂಡು ಹೋಗಿ. ಮೊದಲು ಬಜೆಟ್ಟನ್ನು ಮೇಲಿಂದ ಕೆಳಕ್ಕೆ ಸರಿಪಡಿಸಿ ಎಂದದ್ದು ಇದಕ್ಕೇ.

ಸಲಹೆಗಾರರಿಗೆ ಶೇ 15 ಕೊಡಬೇಡಿ. ಹತ್ತು ಲಕ್ಷ ತಂದರೆ ಒಂದೂವರೆ ಲಕ್ಷ. ಅದನ್ನು ಯಾವ ಲೆಕ್ಕದಲ್ಲಿ ಬರೆಯುತ್ತೀರಿ? ಮಕ್ಕಳ ಕಲಿಕೆಗೆಂದು ಕೊಟ್ಟವರು ಅದನ್ನು ಒಪ್ಪಿದ್ದಾರೆಯೇ? ನಿಧಿ ಸಂಗ್ರಹವನ್ನೇ ವೃತ್ತಿಯಾಗಿ ಮಾಡುವವರ ಅಂತರರಾಷ್ಟ್ರೀಯ ಸಂಘದ ನೀತಿಸಂಹಿತೆ ಕೂಡ ಸಂಗ್ರಹಿಸಿದ ಹಣದಲ್ಲಿ ಪಾಲು ಪಡೆಯುವುದನ್ನು ನಿಷೇಧಿಸುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ತೊಂದರೆ ಬೇರೆ. ಆ ದಾನಿಗಳು ಸಲಹೆಗಾರರ ದಾನಿಗಳು, ನಿಮ್ಮವರಲ್ಲ. ಸಲಹೆಗಾರರು ಮುಂದಿನ ವರ್ಷ ಬೇರೆ ಸಂಸ್ಥೆಯ ಫೈಲು ಹಿಡಿದು ಅದೇ ಬಾಗಿಲಿಗೆ ಹೋಗುತ್ತಾರೆ. ಇಂಗ್ಲಿಷಿನಲ್ಲಿ ಪ್ರಸ್ತಾವನೆ ಬರೆಯಲು ಸಹಾಯ ಬೇಕಿದ್ದರೆ, ಹಣ ಬಂದರೂ ಬರದಿದ್ದರೂ ಇಷ್ಟು ಎಂದು ಮೊದಲೇ ಮಾತಾಡಿ, ಆ ಕೆಲಸಕ್ಕೆ ಮಾತ್ರ ಶುಲ್ಕ ಕೊಡಿ.

ಅಮೆರಿಕದ ತಮ್ಮನ ವಿಷಯ ನಾಜೂಕಿನದು. ಅವನ ಕೈಯಲ್ಲಿರುವುದು ಯಾವ ಪಾಸ್‌ಪೋರ್ಟ್? ಭಾರತದ್ದೇ ಆಗಿದ್ದರೆ, ಎಷ್ಟು ವರ್ಷದಿಂದ ಅಲ್ಲಿದ್ದರೂ, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದಾನ ವಿದೇಶಿ ದೇಣಿಗೆಯಲ್ಲ. ನಿಮ್ಮ ಸಾಮಾನ್ಯ ಖಾತೆಗೇ ಪಡೆಯಬಹುದು, ಪಾಸ್‌ಪೋರ್ಟಿನ ಪ್ರತಿಯನ್ನು ಫೈಲಿನಲ್ಲಿ ಇಟ್ಟುಕೊಳ್ಳಿ. ಅವನು ಅಮೆರಿಕದ ಪೌರನಾಗಿದ್ದರೆ, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿ, ಅವನು ಕಾನೂನಿನ ಕಣ್ಣಿನಲ್ಲಿ ವಿದೇಶಿ ಮೂಲ. ದೀಪಾವಳಿಗೆ ಊರಿಗೆ ಬಂದಾಗ ಕೊಪ್ಪಳದ ಬ್ಯಾಂಕಿನಿಂದ ರೂಪಾಯಿಯಲ್ಲೇ ಹತ್ತು ಸಾವಿರ ತೆಗೆದುಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಅಲ್ಲಿನ ಕನ್ನಡ ಸಂಘವೊಂದು ಚಂದಾ ಎತ್ತಿ ಕಳುಹಿಸಿದರೂ ಅಷ್ಟೆ. 'ನನ್ನ ಅಮ್ಮನ ಖಾತೆಗೆ ಹಾಕುತ್ತೇನೆ, ಅಲ್ಲಿಂದ ನಿಮಗೆ ಬರಲಿ' ಎಂದು ಪ್ರೀತಿಯಿಂದ ಹೇಳುವವರಿರುತ್ತಾರೆ. ಪ್ರೀತಿಗೆ ಕೈಮುಗಿದು ಬೇಡ ಎನ್ನಿ, ಜೈಲಿನವರೆಗೆ ಹೋಗಬಹುದಾದ ಅಪರಾಧ ಅದು.

ಎಫ್‌ಸಿಆರ್‌ಎ ನೋಂದಣಿ ನಿಮಗೆ ಸಿಗುವುದಿಲ್ಲ ಎಂದಲ್ಲ. ಮೂರು ವರ್ಷ ಕೆಲಸ ಮಾಡಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ಖರ್ಚು ಮಾಡಿರಬೇಕು, ಎರಡೂ ನಿಮಗಿವೆ. ಆದರೆ 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಇಳಿಯಬೇಕಾದ್ದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ, ಆಡಳಿತ ವೆಚ್ಚದ ಮಿತಿ ಶೇ 20, ಬಂದ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ, ಪ್ರತಿ ವರ್ಷ ಪ್ರತ್ಯೇಕ ಲೆಕ್ಕ ಮತ್ತು ವರದಿ ಕೊಡಬೇಕು. ಒಬ್ಬ ತಮ್ಮ ಮತ್ತು ಅವನ ನಾಲ್ಕು ಗೆಳೆಯರ ದೇಣಿಗೆಗಾಗಿ ಇಷ್ಟೆಲ್ಲ ಕಟ್ಟಿಕೊಳ್ಳಬೇಡಿ. ಎರಡು ವರ್ಷದ ನಂತರ ಖಚಿತವಾದ ದೊಡ್ಡ ಮೊತ್ತ ಕಂಡರೆ ಯೋಚಿಸಿ.

ಹಾಗೆಯೇ ಸಮಾಜಸೇವಾ ಸಂಸ್ಥೆಗಳು ಷೇರುಪೇಟೆಯ ಮೂಲಕ ಹಣ ಸಂಗ್ರಹಿಸುವ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಬಗ್ಗೆ ಯಾರಾದರೂ ಕಿವಿಯಲ್ಲಿ ಊದಿರಬಹುದು. 2023ರ ಡಿಸೆಂಬರಿನಲ್ಲಿ ಅಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್. ಕನಿಷ್ಠ 50 ಲಕ್ಷ ಸಂಗ್ರಹಿಸುವವರಿಗೆ ಮಾತ್ರ ಆ ದಾರಿ. ನಿಮಗಲ್ಲ.

ದಾನಿಗಳ ಜೊತೆಗಿನ ನಂಟಿನ ಬಗ್ಗೆ ನನ್ನ ಮೇಜಿನ ಮೇಲಿನ ಒಂದು ಅನುಭವ ಹೇಳುತ್ತೇನೆ. ರಾಯಚೂರು ಕಡೆಯ ಸಂಸ್ಥೆಯೊಂದರ ಅರ್ಧವಾರ್ಷಿಕ ವರದಿ ಬಂದಿತ್ತು. ಅದರ ಎರಡನೆಯ ಪುಟದಲ್ಲಿ, 'ಜನವರಿಯಿಂದ ಮಕ್ಕಳ ಹಾಜರಾತಿ ಅರ್ಧಕ್ಕಿಳಿದಿದೆ, ತಂದೆತಾಯಿ ಗುಳೆ ಹೋಗಿದ್ದಾರೆ, ಒಂದು ಕೇಂದ್ರವನ್ನು ಮುಚ್ಚಿದ್ದೇವೆ, ಉಳಿದ 38,000 ರೂಪಾಯಿಯನ್ನು ಏನು ಮಾಡಲಿ ತಿಳಿಸಿ' ಎಂದು ಬರೆದಿದ್ದರು. ಅದೇ ವಾರ ಬಂದ ಬೇರೆ ಹನ್ನೊಂದು ವರದಿಗಳಲ್ಲಿ ಹಾಜರಾತಿ ಶೇ 90ಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ, ಅವುಗಳಲ್ಲಿ ನಾಲ್ಕು ಗುಳೆ ಹೋಗುವ ತಾಲ್ಲೂಕುಗಳವೇ. ಮರುವರ್ಷ ಹಣ ಕಡಿತವಾದಾಗ ನಾವು ಉಳಿಸಿಕೊಂಡ ಮೂರು ಸಂಸ್ಥೆಗಳಲ್ಲಿ ಆ ರಾಯಚೂರಿನದು ಒಂದು. ನಿಮ್ಮ ವರದಿಗಳಲ್ಲಿ ಗುಳೆ ಎಂಬ ಪದ ಇದೆಯೇ? ಕೊಪ್ಪಳದಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವವರ ವರದಿಯಲ್ಲಿ ಅದು ಇಲ್ಲದಿದ್ದರೆ ನಾನಂತೂ ಮುಂದೆ ಓದುವುದಿಲ್ಲ. ಸಣ್ಣ ದಾನಿಗಳಿಗೆ ನಾಲ್ಕು ತಿಂಗಳಿಗೊಮ್ಮೆ ಒಂದೇ ಪುಟ, ಕನ್ನಡದಲ್ಲಿ, ಬಂದ ಹಣ ಮತ್ತು ಹೋದ ಹಣದ ಲೆಕ್ಕದೊಂದಿಗೆ ಕಳುಹಿಸಿ. ಮಕ್ಕಳ ಕಣ್ಣೀರಿನ ಫೋಟೋ ಬೇಡ. ನಾಳೆ ಅದೇ ಮಗು ದೊಡ್ಡದಾಗಿ ಆ ಫೋಟೋವನ್ನು ನೋಡುತ್ತದೆ.

ಉಳಿತಾಯದ ಬಗ್ಗೆ. ಮಾರ್ಚ್ 31ಕ್ಕೆ ಖಾತೆ ಸೊನ್ನೆಯಾಗಬೇಕು, ಇಲ್ಲದಿದ್ದರೆ ತೆರಿಗೆ ಬೀಳುತ್ತದೆ ಎಂಬ ಭಯ ಸಣ್ಣ ಟ್ರಸ್ಟುಗಳಲ್ಲಿ ವಿಚಿತ್ರವಾಗಿ ಬೇರೂರಿದೆ. ಕಾನೂನು ಕೇಳುವುದು ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಿ ಎಂದು. ಉಳಿದ ಶೇ 15ನ್ನು ಯಾವ ಅರ್ಜಿಯೂ ಇಲ್ಲದೆ ಉಳಿಸಿಕೊಳ್ಳಬಹುದು. ಸಿಎಸ್‌ಆರ್ ಹಣ ಆ ಯೋಜನೆಗೇ ಕಟ್ಟುಬಿದ್ದದ್ದು, ಅದನ್ನು ಉಳಿತಾಯಕ್ಕೆ ಎತ್ತಿಡುವಂತಿಲ್ಲ. ಆದರೆ ವ್ಯಕ್ತಿಗಳಿಂದ ಬಂದ ಹಣದಲ್ಲಿ ವರ್ಷಕ್ಕೆ 75,000 ತೆಗೆದಿಟ್ಟಿದ್ದರೂ ನಾಲ್ಕು ವರ್ಷಕ್ಕೆ 3 ಲಕ್ಷ, ಅಂದರೆ ಇನ್ನೂ ಸುಮಾರು ಎರಡು ತಿಂಗಳ ಉಸಿರು ಇರುತ್ತಿತ್ತು.

ಇದಕ್ಕೆ ನಮ್ಮಲ್ಲೇ ಒಂದು ಹಳೆಯ ಪದ್ಧತಿ ಇದೆ, ದತ್ತಿ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳು ನಿಮಗೆ ಗೊತ್ತೇ ಇವೆ: ಮೂಲಧನ ಮುಟ್ಟುವುದಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ. ತಂದೆತಾಯಿಯ ಹೆಸರಿನಲ್ಲಿ ಏನಾದರೂ ಮಾಡಬೇಕೆಂದು ಇರುವವರಿಗೆ ಸಭಾಭವನದ ಫ್ಯಾನಿನ ಮೇಲೆ ಹೆಸರು ಬರೆಸುವುದಕ್ಕಿಂತ ಇದು ಹಿಡಿಸುತ್ತದೆ. 10 ಲಕ್ಷದ ದತ್ತಿಗೆ ಶೇ 7ರ ಬಡ್ಡಿ ಎಂದರೆ 70,000, ನಿಮ್ಮ ಒಂದು ಕೇಂದ್ರದ ನೇರ ಖರ್ಚಿನ ಅರ್ಧ. ಒಂದೇ ಎಚ್ಚರ: ಇದು ಮೂಲನಿಧಿಗೆ ಎಂದು ದಾನಿಯ ಸಹಿಯುಳ್ಳ ಪತ್ರವಿರಬೇಕು, ಆ ಹಣ ಕಾನೂನು ಒಪ್ಪುವ ಠೇವಣಿಯಲ್ಲಿ ಪ್ರತ್ಯೇಕವಾಗಿ ಇರಬೇಕು. ಇಲ್ಲದಿದ್ದರೆ ಅದು ಆ ವರ್ಷದ ಸಾಮಾನ್ಯ ಆದಾಯವಾಗಿಬಿಡುತ್ತದೆ. ಸಿಎಸ್‌ಆರ್ ಹಣವನ್ನು ಮೂಲನಿಧಿಗೆ ಕೇಳಬೇಡಿ, 2021ರಿಂದ ಅದಕ್ಕೆ ಅವಕಾಶವಿಲ್ಲ.

ನಿಮ್ಮ ಪಟ್ಟಿಯಲ್ಲಿ ಕಂಡ ಇನ್ನೆರಡು ಸಣ್ಣ ವಿಷಯ. ಒಬ್ಬರಿಗೇ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ, ಪುಸ್ತಕದ ಅಂಗಡಿಗೆ ಕೊಟ್ಟ 18,500ನ್ನು ನೋಡಿ ಹೇಳುತ್ತಿದ್ದೇನೆ. ಮತ್ತು ನಿಮ್ಮ 12ಎ, 80ಜಿ ಆದೇಶಗಳನ್ನು ಈ ರಾತ್ರಿಯೇ ತೆಗೆದು ದಿನಾಂಕ ನೋಡಿ. 2021ರಲ್ಲಿ ಎಲ್ಲ ಹಳೆಯ ಟ್ರಸ್ಟುಗಳಿಗೂ ಮರುನೋಂದಣಿಯಾಯಿತಲ್ಲ, ಆಗ ಸಿಕ್ಕ ಐದು ವರ್ಷದ ಅವಧಿ 2026ರ ಮಾರ್ಚ್ 31ರವರೆಗೆ ಮಾತ್ರ. ಅದಕ್ಕೆ ಆರು ತಿಂಗಳು ಮೊದಲೇ 10ಎಬಿ ನಮೂನೆಯಲ್ಲಿ ನವೀಕರಣಕ್ಕೆ ಅರ್ಜಿ ಹಾಕಬೇಕಿತ್ತು. ಹಾಕಿದ್ದರೆ ಸ್ವೀಕೃತಿಯನ್ನೂ ಆದೇಶವನ್ನೂ ಫೈಲಿಗೆ ಸೇರಿಸಿ. ತಪ್ಪಿಸಿಕೊಂಡಿದ್ದರೆ, 12ಎ ವಿಷಯದಲ್ಲಿ ಸಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗಿದೆ, ಆಡಿಟರನ್ನು ನಾಳೆ ಬೆಳಿಗ್ಗೆಯೇ ಕಾಣಿರಿ. ವಾರ್ಷಿಕ ಆದಾಯ 5 ಕೋಟಿ ಮೀರದ ಸಂಸ್ಥೆಗಳಿಗೆ ಈಗ 12ಎ ನೋಂದಣಿಯನ್ನು ಹತ್ತು ವರ್ಷಕ್ಕೆ ಕೊಡುವ ವ್ಯವಸ್ಥೆ ಬಂದಿದೆ. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿರುವುದರಿಂದ ಕಲಮುಗಳ ಸಂಖ್ಯೆಯೂ ನಮೂನೆಗಳ ಹೆಸರೂ ಬದಲಾಗಿವೆ. ನಾನು ಹಳೆಯ ಹೆಸರುಗಳನ್ನೇ ಬಳಸಿದ್ದೇನೆ, ದಾನಿಗಳ ಬಾಯಲ್ಲಿ ಇನ್ನೂ ಹಲವು ವರ್ಷ ಇರುವುದು ಅವೇ.

ಕ್ರಮ ಕೇಳಿದಿರಿ. ಇವತ್ತು ಆದೇಶಗಳ ದಿನಾಂಕ. ಈ ವಾರ ಬಜೆಟ್ಟಿನ ಹೊಸ ಹಾಳೆ ಮತ್ತು ಹಳೆಯ ಕಂಪನಿಗೆ ಫೋನ್. ಈ ತಿಂಗಳು ಬಿಟ್ಟುಹೋದ ದಾನಿಗಳು ಮತ್ತು ಪಂಚಾಯಿತಿಗಳು. ಕಂಪನಿಗಳ ಬಾಗಿಲು ಅದಾದ ಮೇಲೆ. ಹೊಸ ಹಾಳೆ ಸಿದ್ಧವಾದಾಗ ನನಗೊಂದು ಪ್ರತಿ ಕಳುಹಿಸಿ, 695 ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದಿರಿ.